ಪದರ ಬಿಡಿಸಿದ ಸಿಹಿ: ನಮ್ಮ ಚಿರೋಟಿ ಮತ್ತು ಕಡಲಾಚೆಯ ಅದರ ನೆಂಟರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಗೋಷ್ಠಿಯಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಶಾಲೆಯ ಹಬ್ಬದಲ್ಲಿ ಊಟದ ವಿಷಯ ಮಾತಾಡಿ ಎಂದು ಸಂಘಟಕರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಅದಕ್ಕೆ ಎರಡು ಕಾರಣ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗೃಹವಿಜ್ಞಾನ ಕಲಿಸಿದವಳು ನಾನು. ಅಡುಗೆಮನೆಯೇ ನನ್ನ ಪ್ರಯೋಗಶಾಲೆ. ಇನ್ನೊಂದು, ಮಗಳು ಸಿಂಗಪುರದಲ್ಲಿ ಕೆಲಸದಲ್ಲಿರುವುದರಿಂದ ಆ ಕಡೆಯ ಊರುಗಳನ್ನು ನಾಲ್ಕಾರು ಸಲ ನೋಡಿಬಂದಿದ್ದೇನೆ. ಅಲ್ಲಿನ ಅಂಗಡಿಗಳಲ್ಲಿ ಪದರ ಪದರವಾಗಿ ಮಾಡಿದ ಸಿಹಿಗಳನ್ನು ಕಂಡಾಗಲೆಲ್ಲ ನನಗೆ ನಮ್ಮ ಚಿರೋಟಿ ನೆನಪಾಗುತ್ತಿತ್ತು. ಆಗ ಹುಟ್ಟಿದ ಒಂದು ಪ್ರಶ್ನೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಒಂದು ತಿಂಡಿ ಒಂದು ಊರಿನದ್ದು, ಒಂದು ನಾಡಿನದ್ದು, ‘ನಮ್ಮದು’ ಎಂದು ಅನ್ನಿಸಿಕೊಳ್ಳುವುದು ಯಾವಾಗ?

ಮೊದಲು ಚಿರೋಟಿಯನ್ನೇ ನೋಡೋಣ. ತಿನ್ನದವರು ಇಲ್ಲಿ ಯಾರೂ ಇರಲಾರರು, ಮಾಡಿದವರು ಮಾತ್ರ ಕಡಿಮೆ. ಕರ್ನಾಟಕದ ಯಾವ ದಿನಸಿ ಅಂಗಡಿಗೆ ಹೋದರೂ ‘ಚಿರೋಟಿ ರವೆ’ ಕೊಡುತ್ತಾರೆ. ಅತಿ ಸಣ್ಣ ರವೆಗೆ ಆ ಹೆಸರು. ಒಂದು ಸಿಹಿ ತನ್ನ ಹೆಸರನ್ನು ಧಾನ್ಯಕ್ಕೇ ಕೊಟ್ಟುಬಿಡಬೇಕಾದರೆ ಅದು ನಮ್ಮ ಬದುಕಿನಲ್ಲಿ ಎಷ್ಟು ಊರಿರಬೇಕು ಯೋಚಿಸಿ. ಇವತ್ತು ಆ ರವೆಯಲ್ಲಿ ಚಿರೋಟಿ ಮಾಡುವವರಿಗಿಂತ ಕೇಸರಿಬಾತು, ರವೆ ಉಂಡೆ ಮಾಡುವವರೇ ಹೆಚ್ಚು. ಹೆಸರು ಮಾತ್ರ ಅಂಗಡಿಯ ಡಬ್ಬದ ಮೇಲೆ ಉಳಿದಿದೆ.

ಮಾಡುವ ಕ್ರಮ ಹೀಗೆ. ಚಿರೋಟಿ ರವೆಗೆ, ಕೆಲವರು ಮೈದಾ ಸೇರಿಸಿ, ಚಿಟಿಕೆ ಉಪ್ಪು ಮತ್ತು ಬಿಸಿ ತುಪ್ಪ ಹಾಕಿ, ನೀರು ಚಿಮುಕಿಸಿ ಗಟ್ಟಿಯಾಗಿ ಕಲಸಬೇಕು. ನೆನೆದ ಮೇಲೆ ಒರಳಿಗೆ ಹಾಕಿ ಚೆನ್ನಾಗಿ ಕುಟ್ಟಬೇಕು. ಇನ್ನೊಂದು ಬಟ್ಟಲಲ್ಲಿ ತುಪ್ಪವನ್ನು ಬೆಣ್ಣೆಯ ಹಾಗೆ ಕೈಯಲ್ಲಿ ನಾದಿ, ಅದಕ್ಕೆ ನುಣ್ಣನೆಯ ಅಕ್ಕಿಹಿಟ್ಟು ಬೆರೆಸಿ ಲೇಪ ಮಾಡಿಟ್ಟುಕೊಳ್ಳಬೇಕು. ಹಿಟ್ಟನ್ನು ಆದಷ್ಟು ತೆಳ್ಳಗೆ ಲಟ್ಟಿಸಿ, ಒಂದರ ಮೇಲೆ ಲೇಪ ಸವರಿ, ಅದರ ಮೇಲೆ ಇನ್ನೊಂದು, ಮತ್ತೆ ಲೇಪ, ಮತ್ತೊಂದು. ಹೀಗೆ ಪೇರಿಸಿದ್ದನ್ನು ಚಾಪೆಯಂತೆ ಬಿಗಿಯಾಗಿ ಸುತ್ತಿ, ತುಂಡು ಕೊಯ್ದು, ಸುರುಳಿ ಮೇಲೆ ಕಾಣುವಂತೆ ಹಗುರವಾಗಿ ಒತ್ತಬೇಕು. ಹದವಾಗಿ ಕಾದ ಎಣ್ಣೆಯಲ್ಲಿ ಬಿಟ್ಟು, ಜಾಲರಿ ಸೌಟಿನಿಂದ ಮೇಲೆ ಎಣ್ಣೆ ಚಿಮ್ಮಿಸುತ್ತಿದ್ದರೆ ಪದರಗಳು ಹೂವಿನ ಎಸಳಿನಂತೆ ಬಿಡಿಸಿಕೊಳ್ಳುತ್ತವೆ. ಬಡಿಸುವಾಗ ಏಲಕ್ಕಿ ಬೆರೆಸಿದ ಸಕ್ಕರೆ ಪುಡಿ, ಮೇಲೆ ಬಾದಾಮಿ ಹಾಲು.

ಪದರ ಏಕೆ ಬಿಡಿಸಿಕೊಳ್ಳುತ್ತದೆ? ಮಕ್ಕಳೇ, ಇದು ನಿಮ್ಮ ವಿಜ್ಞಾನ ಪಾಠ. ಗೋಧಿಯಲ್ಲಿ ಗ್ಲೂಟನ್ ಎಂಬ ಅಂಟು ಇದೆ. ಎರಡು ಹಾಳೆ ಹಿಟ್ಟು ಒಂದಕ್ಕೊಂದು ತಾಗಿದರೆ ಆ ಅಂಟು ಅವನ್ನು ಒಂದು ಮಾಡುತ್ತದೆ. ನಡುವೆ ತುಪ್ಪವೂ ಅಂಟಿಲ್ಲದ ಅಕ್ಕಿಹಿಟ್ಟೂ ಇದ್ದರೆ ಒಂದಾಗಲು ಬಿಡುವುದಿಲ್ಲ. ಬಾಣಲೆಗೆ ಬಿದ್ದಾಗ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಹಾಳೆಗಳನ್ನು ದೂರ ತಳ್ಳುತ್ತದೆ. ಎಣ್ಣೆ ವಿಪರೀತ ಕಾದಿದ್ದರೆ ಹೊರಗಿನ ಪದರ ಕೆಂಪಾಗಿ ಬಿಗಿದುಕೊಳ್ಳುತ್ತದೆ, ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ಅದಕ್ಕೇ ಚಿರೋಟಿಗೆ ಸಣ್ಣ ಉರಿ ಬೇಕು, ತಾಳ್ಮೆ ಬೇಕು.

ಇದು ನಮ್ಮೊಬ್ಬರದೇ ಕಸುಬೇ? ಅಲ್ಲ. ಮಹಾರಾಷ್ಟ್ರದಲ್ಲಿ ‘ಚಿರೋಟೆ’ ಇದೆ. ಅಲ್ಲಿ ಉದ್ದನೆಯ ಆಕಾರವೂ ಉಂಟು, ಪಾಕದಲ್ಲಿ ಅದ್ದುವುದೂ ಉಂಟು. ಗೋದಾವರಿ ಸೀಮೆಯ ತಾಪೇಶ್ವರದಲ್ಲಿ ಮಡತ ಕಾಜಾ ಇದೆ. ಬಿಹಾರದ ನಾಲಂದಾ ಜಿಲ್ಲೆಯ ಸಿಲಾವ್ ಊರಿನಲ್ಲಿ ಖಾಜಾ ಇದೆ. ನಮ್ಮಲ್ಲೇ ಕೆಲವರು ಚಿರೋಟಿಯನ್ನು ಪದರ ಪೇಣಿ ಎನ್ನುತ್ತಾರೆ. ಬೆಳಗಾವಿ ಕಡೆ ಹೋದರೆ ಮದುವೆಗೆ ಮಂಡಿಗೆ ಬೇಕು. ಬೋರಲು ಹಾಕಿದ ಮಡಕೆಯ ಮೇಲೆ ಬೇಯಿಸಿ, ಸೀರೆ ಮಡಿಚಿದ ಹಾಗೆ ಮಡಿಚಿಡುವ ಸಿಹಿ ಅದು. ಅದನ್ನು ಕಾಣದ ನಾವೂ ‘ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತೇವೆ’. ನಮ್ಮ ಮೈಸೂರು ಸೀಮೆಯ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸ, 1508ರ ಆಸುಪಾಸಿನವನು, ಅಡುಗೆಯ ಮೇಲೆ ‘ಸೂಪಶಾಸ್ತ್ರ’ ಎಂಬ ಕನ್ನಡ ಕಾವ್ಯ ಬರೆದ. ಅದರ ಮೊದಲ ಅಧ್ಯಾಯವೇ ಪಿಷ್ಟಪಾಕ, ಅಂದರೆ ಹಿಟ್ಟಿನ ತಿಂಡಿಗಳದು. ಹಿಟ್ಟು ನಾದಿ, ತಟ್ಟಿ, ಮಡಿಚಿ, ಬೇಯಿಸುವ ವಿದ್ಯೆಗೆ ನಮ್ಮ ಸೀಮೆಯಲ್ಲಿ ಐನೂರು ವರ್ಷದ ಬರಹದ ಸಾಕ್ಷಿ ಇದೆ ಎಂದ ಹಾಗಾಯಿತು.

ಈಗ ಕಡಲು ದಾಟೋಣ. ಮಲಯ ಭಾಷೆಯಲ್ಲಿ ‘ಲಾಪಿಸ್’ ಎಂದರೆ ಪದರ. ‘ಕುಯೆ ಲಾಪಿಸ್’ ಎಂದರೆ ಪದರದ ತಿಂಡಿ. ನೋಡಲು ನಮ್ಮ ಬರ್ಫಿಯ ತುಂಡಿನ ಹಾಗೆ. ಕೆಂಪು, ಬಿಳಿ, ಹಸಿರು ಪಟ್ಟೆ. ಅಕ್ಕಿಹಿಟ್ಟು, ಮರಗೆಣಸಿನ ಹಿಟ್ಟು, ತೆಂಗಿನ ಹಾಲು, ಸಕ್ಕರೆ ಕದಡಿ, ತಟ್ಟೆಗೆ ಒಂದು ಸೌಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಅದು ಗಟ್ಟಿಯಾದ ಮೇಲೆ ಎರಡನೆಯ ಬಣ್ಣದ ಸೌಟು. ಬೇಗ ಹೊಯ್ದರೆ ಬಣ್ಣ ಬಣ್ಣ ಕಲೆತು ಹೋಗುತ್ತವೆ. ತಡಮಾಡಿದರೆ ಕೆಳಗಿನ ಪದರ ಮೇಲಿನದನ್ನು ಹಿಡಿದುಕೊಳ್ಳುವುದಿಲ್ಲ. ಸಿಂಗಪುರದ ಚೀನೀ ಮನೆಗಳಲ್ಲಿ ಇದಕ್ಕೆ ಒಂಬತ್ತು ಪದರದ ತಿಂಡಿ ಎಂದೇ ಹೆಸರು. ಮಕ್ಕಳು ಒಂದೊಂದೇ ಪದರ ಸುಲಿದು ತಿನ್ನುತ್ತವೆ. ಥಾಯ್ಲೆಂಡಿನವರಿಗೂ ಒಂಬತ್ತೇ ಶ್ರೇಷ್ಠ. ಅವರ ಭಾಷೆಯಲ್ಲಿ ಒಂಬತ್ತು ಎಂಬ ಮಾತು ‘ಹೆಜ್ಜೆ ಮುಂದಿಡು’ ಎಂಬ ಮಾತಿನ ಹಾಗೆ ಕೇಳಿಸುತ್ತದಂತೆ. ಹಾಗಾಗಿ ಮದುವೆಗೂ ಬಡ್ತಿ ಸಿಕ್ಕ ಸಂತೋಷಕ್ಕೂ ಅದನ್ನು ಹಂಚುತ್ತಾರೆ. ವಿಯೆಟ್ನಾಮಿನವರು ನಡುವೆ ಹೆಸರುಬೇಳೆಯ ಪದರ ಇಡುತ್ತಾರೆ. ತೆಂಗು, ಅಕ್ಕಿ, ಹೆಸರುಬೇಳೆ, ಹಬೆ: ಇದರಲ್ಲಿ ನಮಗೆ ಗೊತ್ತಿಲ್ಲದ್ದು ಯಾವುದಿದೆ ಹೇಳಿ? ಕಡುಬು ಬೇಯಿಸುವ ಯಾವ ತಾಯಿಗೂ ಇದು ಒಂದು ಬೆಳಗಿನ ಕಲಿಕೆ.

ಅದೇ ನಾಡಿನಲ್ಲಿ ಇನ್ನೊಂದು ಬಗೆ ಇದೆ, ‘ಲಾಪಿಸ್ ಲೆಗಿತ್’. ಇಂಡೋನೇಷ್ಯಾವನ್ನು ಡಚ್ಚರು ಆಳುತ್ತಿದ್ದಾಗ ಹುಟ್ಟಿದ್ದು. ಬೆಣ್ಣೆ, ಇಪ್ಪತ್ತು ಮೂವತ್ತು ಮೊಟ್ಟೆಯ ಹಳದಿ, ಜೊತೆಗೆ ಆ ದ್ವೀಪಗಳ ಲವಂಗ, ಜಾಯಿಕಾಯಿ, ಜಾಪತ್ರೆ, ಚಕ್ಕೆ. ತೆಳ್ಳಗೆ ಒಂದು ಪದರ ಹೊಯ್ದು, ಮೇಲಿನಿಂದ ಶಾಖ ಕೊಟ್ಟು ಬೇಯಿಸಿ, ಮತ್ತೆ ಹೊಯ್ದು, ಹದಿನೆಂಟು ಪದರವನ್ನೂ ಮೀರಿಸುತ್ತಾರೆ. ಒಂದು ಕೇಕಿಗೆ ಅರ್ಧ ದಿನ ಒಲೆಯ ಮುಂದೆ ಕೂರಬೇಕು. ಒಲೆ ಯುರೋಪಿನದು, ಮಸಾಲೆ ಅಲ್ಲಿಯದು, ಕೈ ಅಲ್ಲಿಯ ಹೆಂಗಸರದು. ನಮ್ಮ ನೆರೆಯ ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಬೆಬಿಂಕಾ ಇದರ ತಂಗಿ ಇದ್ದ ಹಾಗೆ. ತೆಂಗಿನ ಹಾಲು, ಮೊಟ್ಟೆ, ತುಪ್ಪ. ಮೇಲೆ ಮುಚ್ಚಳದಲ್ಲಿ ತೆಂಗಿನ ನಾರಿನ ಕೆಂಡ. ಸಾಮಾನ್ಯವಾಗಿ ಏಳು ಪದರ, ಉತ್ಸಾಹ ಇದ್ದವರು ಹದಿನಾರರ ತನಕ ಏರಿಸುತ್ತಾರೆ. ಹದಿನಾರು ಎಂದ ಕೂಡಲೇ ಹಿಂದೆ ಕೂತವರೂ ತಲೆ ಎತ್ತಿದಿರಿ, ಕಂಡೆ!

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ನಾವು ಪದರವನ್ನು ಸುತ್ತಿ, ಕೊಯ್ದು, ಕಾದ ಎಣ್ಣೆಯಲ್ಲಿ ಬಿಡಿಸುತ್ತೇವೆ. ಅವರು ಒಂದರ ಮೇಲೊಂದು ಹೊಯ್ದು ಕೂಡಿಸುತ್ತಾರೆ. ನಮ್ಮ ಪದರಗಳು ಬೇರೆಯಾಗಬೇಕು, ಅವರ ಪದರಗಳು ಬೇರೆ ಕಂಡರೂ ಹಿಡಿದುಕೊಂಡಿರಬೇಕು. ಗೋಧಿ ಮತ್ತು ಬಾಣಲೆ ಇದ್ದ ಕಡೆ ಒಂದು ದಾರಿ, ಅಕ್ಕಿ ಮತ್ತು ಹಬೆ ಇದ್ದ ಕಡೆ ಇನ್ನೊಂದು. ಬೆಳೆ, ಒಲೆ, ಸೌದೆ, ಇವು ತಿಂಡಿಯ ಸ್ವರೂಪವನ್ನು ಗೊತ್ತುಮಾಡುತ್ತವೆ. ಪ್ರಾದೇಶಿಕ ಗುರುತು ಎನ್ನುವುದರ ಮೊದಲ ಪದರ ಇದೇ.

ಎರಡನೆಯ ಪದರ ಹೆಸರು. ಈಚೆಗೆ ಹೆಸರಿಗಾಗಿ ಜಗಳ ಹೆಚ್ಚಾಗಿದೆ. 2019ರಲ್ಲಿ ಮೈಸೂರು ಪಾಕಿನ ಭೌಗೋಳಿಕ ಸೂಚಕ ತಮಿಳುನಾಡಿಗೆ ಸಿಕ್ಕಿತಂತೆ ಎಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ ಎರಡೂ ಕಡೆಯವರು ಬಾಯಿಗೆ ಬಂದಂತೆ ಕಿತ್ತಾಡಿಕೊಂಡರು. 2025ರಲ್ಲಿ ಜೈಪುರದ ಕೆಲವು ಅಂಗಡಿಯವರು ‘ಪಾಕ್’ ಎಂದರೆ ನೆರೆಯ ದೇಶ ಎಂದುಕೊಂಡು ನಮ್ಮ ಮೈಸೂರು ಪಾಕಿಗೆ ‘ಮೈಸೂರು ಶ್ರೀ’ ಎಂದು ನಾಮಕರಣ ಮಾಡಿದರು. ಸಕ್ಕರೆ ಪಾಕ, ಬೆಲ್ಲದ ಪಾಕ ಎಂದು ದಿನ ಬೆಳಗಾದರೆ ಹೇಳುವ ನಮ್ಮ ತಾಯಂದಿರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಭೌಗೋಳಿಕ ಸೂಚಕದ ಕಾನೂನು 1999ರದು, ಜಾರಿಗೆ ಬಂದದ್ದು 2003ರಲ್ಲಿ. ಒಂದು ಸೀಮೆಯ ಮಣ್ಣು, ಹವೆ ಅಥವಾ ಕೈಕಸುಬಿನಿಂದ ಗುಣ ಪಡೆದ ವಸ್ತುವಿನ ಹೆಸರನ್ನು ಹೊರಗಿನವರು ಬಳಸದಂತೆ ಅದು ಕಾಯುತ್ತದೆ. ಅರ್ಜಿ ಹಾಕಬೇಕಾದವರು ಮಾಡುವವರ ಸಂಘ ಅಥವಾ ಅವರ ಪರವಾದ ಸಂಸ್ಥೆ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ನಾನು ಹೇಳಿದ ಸಿಲಾವ್ ಖಾಜಾಕ್ಕೆ 2018ರಲ್ಲಿ, ಗೋವೆಯ ಬೆಬಿಂಕಾಕ್ಕೆ 2023ರಲ್ಲಿ, ಅಕ್ಕಿಯ ತೆಳು ಹಾಳೆಗಳನ್ನು ಮಡಿಚಿ ಮಾಡುವ ಆಂಧ್ರದ ಆತ್ರೇಯಪುರಂ ಪೂತರೇಕುಲುವಿಗೂ 2023ರಲ್ಲಿ ಈ ಸೂಚಕ ಸಿಕ್ಕಿತು. ಪದರದ ಸಿಹಿಗಳೇ ಮೂರು. ಆ ಪಟ್ಟಿಯಲ್ಲಿ ಚಿರೋಟಿ ಇಲ್ಲ.

ಹಾಗಾದರೆ ನಾಳೆಯೇ ಹೋರಾಟಕ್ಕೆ ಇಳಿಯೋಣವೇ? ಸ್ವಲ್ಪ ನಿಲ್ಲಿ. ನಮ್ಮ ತಾಲ್ಲೂಕಿನ ಮಾತೇ ಇದೆ. ನಂಜನಗೂಡಿನ ರಸಬಾಳೆಗೆ ಈ ಸೂಚಕ ಸಿಕ್ಕಿ ವರ್ಷಗಳೇ ಆದವು. ದೇವರಸನಹಳ್ಳಿಯ ಸುತ್ತಿನ ಮಣ್ಣಿನಲ್ಲಿ ಬೆಳೆದ ಆ ಹಣ್ಣಿನ ರುಚಿ ಬೇರೆ ಕಡೆ ಬರುವುದಿಲ್ಲ ಎಂದು ಕಾನೂನೇ ಒಪ್ಪಿತು. ಆದರೆ ಪನಾಮಾ ಸೊರಗು ರೋಗ ತೋಟಕ್ಕೆ ಬಿದ್ದಾಗ ಆ ಪ್ರಮಾಣಪತ್ರ ಒಂದು ಗಿಡವನ್ನೂ ಉಳಿಸಲಿಲ್ಲ. ರೈತರು ಬೇರೆ ಬಾಳೆಗೆ ತಿರುಗಿದರು. ಇವತ್ತು ನಂಜನಗೂಡಿನ ಪೇಟೆಯಲ್ಲೇ ನಿಜವಾದ ರಸಬಾಳೆ ಹುಡುಕಬೇಕು. ಇದರಿಂದ ನಾನು ಕಲಿತದ್ದು ಇಷ್ಟೆ: ಹೆಸರನ್ನು ಕಾನೂನು ಕಾಯಬಹುದು, ವಸ್ತುವನ್ನು ಕಾಯುವುದು ಅದನ್ನು ಬೆಳೆಯುವವರ, ಮಾಡುವವರ ಕೈ. ಆ ಕೈಗೆ ಬಲ ಇಲ್ಲದಿದ್ದರೆ ಹೆಸರು ಗೋಡೆಯ ಮೇಲಿನ ಪಟ.

ಆ ಕೈಗಳು ಯಾರವು ಎಂಬುದೇ ಮೂರನೆಯ ಪದರ. ಇದನ್ನು ಹೇಳದೆ ಹೋದರೆ ನನ್ನ ಮಾತು ಪೂರ್ತಿಯಾಗುವುದಿಲ್ಲ.

ನಾನು ಹುಡುಗಿಯಾಗಿದ್ದಾಗ ನಮ್ಮ ಮನೆಗಳಲ್ಲಿ ಸಿಹಿ ಎಂದರೆ ಹಬ್ಬದ ಒಬ್ಬಟ್ಟು, ಬೆಲ್ಲದ ಪಾಯಸ. ತುಪ್ಪ, ಸಕ್ಕರೆ, ಗೋಧಿ ರವೆ, ಬಾದಾಮಿ, ಇಷ್ಟೂ ಒಟ್ಟಿಗೆ ಕೂಡಿಬರಬೇಕಾದ ಚಿರೋಟಿ ನಮ್ಮ ಒಲೆಯ ಮೇಲೆ ಬರುತ್ತಿರಲಿಲ್ಲ. ಮುದ್ದೆ ಉಂಡು ಬೆಳೆದವರು ನಾವು. ದೊಡ್ಡವರ ಮನೆಯ ಮದುವೆ ಬಂದರೆ ಅವ್ವನಿಗೆ ಕರೆ ಬರುತ್ತಿತ್ತು. ಹಿತ್ತಲಲ್ಲಿ ಕೂತು ಅಕ್ಕಿ ಕುಟ್ಟಿ, ವಸ್ತ್ರದಲ್ಲಿ ಜಾಳಿಸಿ ಹಿಟ್ಟು ಮಾಡಿಕೊಡುವುದು ಅವಳ ಕೆಲಸ. ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಳಗೆ ಪದರ ಪೇರಿಸುವುದು, ಸುತ್ತುವುದು, ಕರಿಯುವುದು ಬೇರೆಯವರು. ಪಂಕ್ತಿಗಳೆಲ್ಲ ಮುಗಿದ ಮೇಲೆ ಮುರಿದ ಚಿರೋಟಿ, ಚೂರು ಚಾರು, ಮುತ್ತುಗದ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಅವ್ವ ಅದನ್ನು ಸೆರಗಿನಲ್ಲಿ ತಂದು ನಮ್ಮ ಕೈಗೆ ಹಾಕುವಾಗ, “ತಿನ್ನು ಕೂಸು, ಇದ್ರೊಳ್ಗೆ ನಾ ಕುಟ್ಟಿದ್ ಹಿಟ್ಟೂ ಅದೆ” ಎನ್ನುತ್ತಿದ್ದಳು.

ಗೃಹವಿಜ್ಞಾನ ಓದಿದ ಮೇಲೆ ನನಗೆ ಆ ಮಾತಿನ ಅರ್ಥ ಆಯಿತು. ಪದರ ಬಿಡಿಸುವುದೇ ಆ ಅಕ್ಕಿಹಿಟ್ಟು. ಹಿತ್ತಲಿನ ಒನಕೆ ಇಲ್ಲದಿದ್ದರೆ ಒಳಗಿನ ಚಿರೋಟಿ ಬರೀ ಗಟ್ಟಿ ಪೂರಿ. ಇದನ್ನು ಕಹಿಯಿಂದ ಹೇಳುತ್ತಿಲ್ಲ. ಕಾಲ ಎಷ್ಟೋ ಬದಲಾಗಿದೆ. ಇದೇ ಶಾಲೆಯ ಬಿಸಿಯೂಟದಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಯುವುದನ್ನು ನೆನ್ನೆ ಕಣ್ಣಾರೆ ಕಂಡೆ. ಆದರೆ ‘ಚಿರೋಟಿ ನಮ್ಮ ನಾಡಿನ ಹೆಮ್ಮೆ’ ಎಂದು ಯಾರಾದರೂ ಭಾಷಣ ಮಾಡಿದಾಗ ‘ನಮ್ಮ’ ಎಂಬ ಆ ಮಾತಿನೊಳಗೆ ಅವ್ವ ಇದ್ದಾಳೆಯೇ ಎಂದು ನೋಡುವುದು ನನಗೆ ಅಭ್ಯಾಸವಾಗಿದೆ. ಕುಟ್ಟಿದವರು, ಕರಿದವರು, ಮೊದಲ ಪಂಕ್ತಿಯಲ್ಲಿ ಉಂಡವರು, ಕೊನೆಗೆ ಚೂರು ಪಡೆದವರು, ಎಲ್ಲರೂ ಸೇರಿದಾಗಲೇ ಅದು ನಾಡಿನ ಸಿಹಿ.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಕಡಲಾಚೆಯೇ ಸಿಗುತ್ತದೆ. ಮಲೇಷ್ಯಾದ ಸರವಾಕ್ ರಾಜ್ಯದಲ್ಲಿ ‘ಕೇಕ್ ಲಾಪಿಸ್’ ಎಂಬ ಬಣ್ಣ ಬಣ್ಣದ ಪದರ ಕೇಕು ಇದೆ. ಅದು ಅಲ್ಲಿ ಹುಟ್ಟಿದ್ದಲ್ಲ. 1970–80ರ ದಶಕದಲ್ಲಿ ಜಕಾರ್ತದ ಕಡೆಯಿಂದ ಬಂದದ್ದು. ಸರವಾಕಿನ ಹೆಂಗಸರು ಅದನ್ನು ಕಲಿತು, ಪದರಗಳನ್ನು ಕೊಯ್ದು, ಓರೆಯಾಗಿ ಜೋಡಿಸಿ, ಜಾಮು ಸವರಿ ಅಂಟಿಸಿ, ರಂಗೋಲಿಯಂಥ ವಿನ್ಯಾಸ ಬರುವ ಹಾಗೆ ಮಾಡಿದರು. ಮುಸ್ಲಿಮರ ಈದಿಗೂ ಅದು ಬೇಕು, ಚೀನೀ ಹೊಸ ವರ್ಷಕ್ಕೂ ಬೇಕು, ಕ್ರಿಸ್‌ಮಸ್ಸಿಗೂ ದೀಪಾವಳಿಗೂ ದಾಯಕ್ ಜನರ ಸುಗ್ಗಿ ಹಬ್ಬಕ್ಕೂ ಬೇಕು. ಹಬ್ಬದ ದಿನ ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಒಂದು ತುಂಡು ಕೊಡುತ್ತಾರೆ. ಮನೆಯಲ್ಲೇ ಮಾಡಿ ಮಾರುವ ಹೆಂಗಸರಿಗೆ ಅದೇ ಸಂಪಾದನೆ. ಈಗ ‘ಸರವಾಕ್’ ಎಂಬ ಹೆಸರಿಗೆ ಅಲ್ಲಿಯ ಕಾನೂನಿನ ರಕ್ಷಣೆಯೂ ಇದೆ. ಕ್ರಮ ಗಮನಿಸಿ: ಮೊದಲು ಎಲ್ಲ ಮನೆಗೂ ಹೋಯಿತು, ಆಮೇಲೆ ಕೈಗೆ ಕಾಸು ತಂದಿತು, ಕೊನೆಗೆ ಕಾನೂನು ಬಂದಿತು. ಬಂದದ್ದು ಹೊರಗಿನಿಂದ, ಆದದ್ದು ಅಲ್ಲಿಯದು.

ನಮ್ಮ ಊರಿಗೆ ಇದು ಹೊಸ ಮಾತಲ್ಲ. ಹಳೆಯ ಹದಿನಾಡೇ ಇಂದಿನ ಹದಿನಾರು ಎಂದು ನಾವೆಲ್ಲ ಕೇಳಿ ಬೆಳೆದವರು. ದೂರದ ದ್ವಾರಕೆಯ ಕಡೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಇಲ್ಲಿ ಕಷ್ಟದಲ್ಲಿದ್ದ ತಾಯಿ ಮಗಳಿಗೆ ನೆರವಾಗಿ, ಕಾರುಗಹಳ್ಳಿಯ ಮಾರನಾಯಕನನ್ನು ಗೆದ್ದು, 1399ರಲ್ಲಿ ಮೈಸೂರು ಅರಸು ಮನೆತನಕ್ಕೆ ಬುನಾದಿ ಹಾಕಿದರು ಎಂಬುದು ಪರಂಪರೆಯ ಕಥೆ. ಅಂದರೆ ‘ಮೈಸೂರು’ ಎಂಬ ಗುರುತಿನ ಕಥೆ ಶುರುವಾಗುವುದೇ ಹೊರಗಿನಿಂದ ಬಂದು ಇಲ್ಲಿಯವರಾದವರಿಂದ. ಚಳಿಗಾಲದಲ್ಲಿ ನಮ್ಮ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೂ ನಾವು ‘ನಮ್ಮ ಕೆರೆಯ ಹಕ್ಕಿ’ ಎಂದೇ ಕರೆಯುತ್ತೇವೆ. ಚಿರೋಟಿ ಎಲ್ಲಿಂದ ಬಂತು ಎಂದು ಮಹಾರಾಷ್ಟ್ರದವರೊಡನೆ ವಾದ ಮಾಡುವುದಕ್ಕಿಂತ ಅದು ಇಲ್ಲಿ ಯಾರ ಯಾರ ಮನೆಗೆ ಹೋಗಿದೆ ಎಂದು ಕೇಳುವುದು ಮೇಲು.

ಬರೀ ಮಾತಾಡಿ ಇಳಿದರೆ ಆಗದು. ಮೂರು ಕೆಲಸ ಕೋರುತ್ತೇನೆ.

ಒಂದು, ಒಂಬತ್ತನೆಯ ತರಗತಿಯ ಮಕ್ಕಳು ಪ್ರತಿ ವರ್ಷ ತಮ್ಮ ತಮ್ಮ ಕೇರಿಯ ಅಜ್ಜಿಯರ ಬಳಿ ಕೂತು ಅವರು ಮಾಡುವ ತಿಂಡಿಗಳ ಹೆಸರು, ಅಳತೆ, ಕಾಲ, ಯಾವ ಹಬ್ಬಕ್ಕೆ, ಯಾರಿಂದ ಕಲಿತರು, ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆಯಲಿ. ‘ಒಂದು ಹಿಡಿ’ ಎಂದರೆ ಆ ಅಜ್ಜಿಯ ಹಿಡಿಯನ್ನೇ ತೂಗಿ ನೋಡಿ ಬರೆಯಲಿ. ಆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿ ಇರಲಿ. ಮುಂದೆ ಯಾವ ಸೂಚಕಕ್ಕೆ ಅರ್ಜಿ ಹಾಕಿದರೂ ಮೊದಲು ಕೇಳುವುದು ಇಂಥ ಸಾಕ್ಷಿಯನ್ನೇ.

ಎರಡು, ಊರಿನ ಸ್ತ್ರೀಶಕ್ತಿ ಸಂಘದ ತಂಗಿಯರಿಗೆ. ಚಿರೋಟಿ ನೀರಿನಂಶ ಹೋಗುವಂತೆ ಕರಿದ ತಿಂಡಿ. ಸಕ್ಕರೆ ಪುಡಿ ಬೇರೆ ಪೊಟ್ಟಣದಲ್ಲಿ ಇಟ್ಟು, ಗಾಳಿಯಾಡದ ಡಬ್ಬದಲ್ಲಿ ಇಟ್ಟರೆ ಹಲವು ದಿನ ಗರಿಗರಿಯಾಗಿ ಉಳಿಯುತ್ತದೆ. ದೂರಕ್ಕೆ ಕಳಿಸಲು ಹೊಂದುವ ಸಿಹಿ ಇದು. ಮೈಸೂರೂ ನಂಜನಗೂಡೂ ನಮಗೆ ಹತ್ತಿರ. ಕಲಿಸಲು ನಾನು ಸಿದ್ಧ. ಶನಿವಾರ ಮಧ್ಯಾಹ್ನ ಇದೇ ಶಾಲೆಯ ಒಂದು ಕೋಣೆ ಕೊಟ್ಟರೆ ಸಾಕು.

ಮೂರು, ಮುಂದಿನ ವಾರ್ಷಿಕೋತ್ಸವದ ಊಟಕ್ಕೆ ಚಿರೋಟಿಯನ್ನು ಹೊರಗಿನಿಂದ ತರಿಸಬೇಡಿ. ಎಲ್ಲ ಕೇರಿಯಿಂದಲೂ ನಾಲ್ಕು ನಾಲ್ಕು ಜನ ಬಂದು, ಒಂದೇ ಅಡುಗೆಮನೆಯಲ್ಲಿ, ಒಬ್ಬರು ಕುಟ್ಟಿ, ಒಬ್ಬರು ಲಟ್ಟಿಸಿ, ಒಬ್ಬರು ಸುತ್ತಿ, ಒಬ್ಬರು ಕರಿಯಲಿ. ಹೊಸ್ತಿಲಿನ ಒಳಗೆ, ಎಲ್ಲರೂ. ಎಲ್ಲರಿಗೂ ಮೊದಲ ಪಂಕ್ತಿಯಲ್ಲೇ ಇಡೀ ಚಿರೋಟಿ ಬೀಳಲಿ.

ಅಂಥ ಊಟ ನಡೆದ ದಿನ ‘ಹದಿನಾರಿನ ಚಿರೋಟಿ’ ಎಂದು ಯಾರ ಅಪ್ಪಣೆಯೂ ಇಲ್ಲದೆ ಹೇಳಿಕೊಳ್ಳಬಹುದು. ಅದಕ್ಕೆ ರವೆ ಐದು ಸೇರು ನನ್ನ ಪಾಲಿನದು. ಉಳಿದದ್ದನ್ನು ನೀವು ಕೂಡಿಸಿ.